ಏಟು ತಿನ್ನುವವರು ಒಬ್ಬರು, ಹಕ್ಕು ಮಾರುವವರು ಇನ್ನೊಬ್ಬರು

2025ರ ಆಗಸ್ಟ್‌ನಲ್ಲಿ ಐದೇ ದಿನದ ಅಂತರದಲ್ಲಿ ಎರಡು ದೊಡ್ಡ ವ್ಯಾಪಾರ ಕುದುರಿದವು. ಆರನೇ ತಾರೀಖು, ಡಬ್ಲ್ಯೂಡಬ್ಲ್ಯೂಇ ಎಂಬ ಕುಸ್ತಿ ಕಂಪನಿಯ ರೆಸಲ್‌ಮೇನಿಯಾದಂಥ ದೊಡ್ಡ ಶೋಗಳನ್ನು ಅಮೆರಿಕದಲ್ಲಿ ತೋರಿಸುವ ಹಕ್ಕು ಇಎಸ್‌ಪಿಎನ್ ಎಂಬ ಕ್ರೀಡಾ ಚಾನೆಲ್ ಪಾಲಾಯಿತು. ವರದಿಗಳ ಪ್ರಕಾರ ಐದು ವರ್ಷಕ್ಕೆ 160 ಕೋಟಿ ಡಾಲರ್. ಹನ್ನೊಂದನೇ ತಾರೀಖು ಯುಎಫ್‌ಸಿಯ ಸರದಿ. ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಎಂಎಂಎ ಪಂದ್ಯ ನಡೆಸುವ ಕಂಪನಿ ಅದು. ಅದರ ಪ್ರಸಾರದ ಹಕ್ಕಿಗೆ ಪ್ಯಾರಾಮೌಂಟ್ ಕಂಪನಿ ಏಳು ವರ್ಷಕ್ಕೆ 770 ಕೋಟಿ ಡಾಲರ್ ಕೊಡಲು ಒಪ್ಪಿತು. ಅಂದರೆ ವರ್ಷಕ್ಕೆ ಸರಾಸರಿ 110 ಕೋಟಿ ಡಾಲರ್.

ಈ ಮೊತ್ತ ಎಷ್ಟು ದೊಡ್ಡದು ಅಂತ ಅಂದಾಜು ಸಿಗಬೇಕಾದರೆ ನಮ್ಮ ಐಪಿಎಲ್ ಪಕ್ಕ ಇಟ್ಟು ನೋಡಬೇಕು. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಹೋಗಿತ್ತು. ವರ್ಷಕ್ಕೆ ಸುಮಾರು 9,680 ಕೋಟಿ. ಯುಎಫ್‌ಸಿಯ 110 ಕೋಟಿ ಡಾಲರನ್ನು ಆಗಿನ ದರದಲ್ಲಿ ರೂಪಾಯಿಗೆ ಬದಲಾಯಿಸಿದರೆ ಹೆಚ್ಚುಕಮ್ಮಿ 9,600 ಕೋಟಿ. ಕ್ರಿಕೆಟ್ ಅಂದರೆ ಪ್ರಾಣ ಬಿಡುವ ನೂರಾ ನಲವತ್ತು ಕೋಟಿ ಜನರ ದೇಶದಲ್ಲಿ ಐಪಿಎಲ್‌ಗೆ ಸಿಗುವಷ್ಟೇ ದುಡ್ಡು, ಬಲೆಯ ಬೇಲಿಯೊಳಗೆ ಇಬ್ಬರು ಬಡಿದಾಡುವ ಆಟಕ್ಕೆ ಸಿಗುತ್ತಿದೆ. ಅದೂ ಮುಖ್ಯವಾಗಿ ಅಮೆರಿಕ ಎಂಬ ಒಂದೇ ಒಂದು ದೇಶದ ಹಕ್ಕಿಗೆ.

ಇನ್ನೊಂದು ವಿಷಯ ಗಮನಿಸಿ. ಈ ಎರಡೂ ವ್ಯಾಪಾರದಲ್ಲಿ ಮಾರಿದವರು ಒಬ್ಬರೇ. ಯುಎಫ್‌ಸಿ, ಡಬ್ಲ್ಯೂಡಬ್ಲ್ಯೂಇ ಎರಡೂ 2023ರ ಸೆಪ್ಟೆಂಬರ್‌ನಿಂದ ಟಿಕೆಒ ಎಂಬ ಒಂದೇ ಕಂಪನಿಯ ಕೆಳಗಿವೆ.

ಒಂದು ಆಟ ನಿಜವಾದದ್ದು, ಇನ್ನೊಂದು ಮೊದಲೇ ಬರೆದಿಟ್ಟ ಕಥೆ. ಯುಎಫ್‌ಸಿಯಲ್ಲಿ ಮೂಗು ಮುರಿದರೆ ನಿಜಕ್ಕೂ ಮುರಿದಿರುತ್ತದೆ. ಡಬ್ಲ್ಯೂಡಬ್ಲ್ಯೂಇಯಲ್ಲಿ ಯಾರು ಗೆಲ್ಲಬೇಕು ಅನ್ನುವುದು ಮೊದಲೇ ತೀರ್ಮಾನವಾಗಿರುತ್ತದೆ, ಬೀಳುವ ನೋವು ಮಾತ್ರ ನಿಜ. ಆದರೆ ಚಾನೆಲ್‌ನವರ ಕಣ್ಣಿಗೆ ಎರಡೂ ಒಂದೇ ಸರಕು. ನಾಳೆ ನೋಡೋಣ ಅಂತ ಜನ ಮುಂದೂಡದೆ, ಇವತ್ತೇ, ಈಗಲೇ ಕೂತು ನೋಡುವ ಕಾರ್ಯಕ್ರಮ. ಸೀರಿಯಲ್ ಆದರೆ ಯಾವಾಗ ಬೇಕಾದರೂ ನೋಡಬಹುದು. ಫಲಿತಾಂಶ ಗೊತ್ತಾದ ಫೈಟ್ ಯಾರು ನೋಡುತ್ತಾರೆ?

ಈ ಎರಡು ಕಂಪನಿಗಳ ಹಣೆಬರಹವನ್ನು ಟಿವಿ ಹೇಗೆ ಬರೆದಿದೆ ಅಂತ ನೋಡಿದರೆ ಇವತ್ತಿನ ಮೊತ್ತಗಳು ಅರ್ಥವಾಗುತ್ತವೆ. ಕುಸ್ತಿಯಿಂದಲೇ ಶುರು ಮಾಡೋಣ.

1980ರವರೆಗೂ ಅಮೆರಿಕದ ರೆಸ್ಲಿಂಗ್ ಊರೂರಿನ ವ್ಯಾಪಾರ. ಒಂದೊಂದು ಸೀಮೆಗೆ ಒಬ್ಬೊಬ್ಬ ಯಜಮಾನ. ಒಬ್ಬರ ಸೀಮೆಗೆ ಇನ್ನೊಬ್ಬರು ಕಾಲಿಡುತ್ತಿರಲಿಲ್ಲ. ವಿನ್ಸ್ ಮೆಕ್‌ಮಹನ್ 1982ರಲ್ಲಿ ಅಪ್ಪನಿಂದ ಇಂದಿನ ಡಬ್ಲ್ಯೂಡಬ್ಲ್ಯೂಇ ಕಂಪನಿಯನ್ನು ಕೊಂಡ ಮೇಲೆ ಆ ಒಪ್ಪಂದವನ್ನು ಮುರಿದರು. ಅವರು ಹಿಡಿದ ದಾರಿ ಟಿವಿಯದು. ಅಟ್ಲಾಂಟಾದ ಟಿಬಿಎಸ್ ಕೇಬಲ್ ಮೂಲಕ ದೇಶವಿಡೀ ಕಾಣುತ್ತಿದ್ದ ಚಾನೆಲ್. ಅಲ್ಲಿ ಶನಿವಾರ ಸಂಜೆ ಜಾರ್ಜಿಯಾ ರಾಜ್ಯದ ಕಂಪನಿಯೊಂದರ ಕುಸ್ತಿ ಬರುತ್ತಿತ್ತು. ಆ ಸಮಯ ಬೇಕು ಅಂತಲೇ ಮೆಕ್‌ಮಹನ್ ಆ ಕಂಪನಿಯ ಷೇರುಗಳನ್ನು ಕೊಂಡರು. 1984ರ ಜುಲೈ 14ರ ಶನಿವಾರ ಟಿವಿ ಹಾಕಿದ ಜನಕ್ಕೆ ತಮ್ಮ ಪೈಲ್ವಾನರ ಬದಲು ಮೆಕ್‌ಮಹನ್ ಅವರ ನ್ಯೂಯಾರ್ಕ್‌ನವರು ಕಂಡರು. ಚಾನೆಲ್‌ಗೆ ದೂರುಗಳ ಸುರಿಮಳೆ. ಮರುವರ್ಷವೇ ಮೆಕ್‌ಮಹನ್ ಆ ಸಮಯವನ್ನು ಜಿಮ್ ಕ್ರಾಕೆಟ್ ಎಂಬ ಇನ್ನೊಬ್ಬ ಯಜಮಾನರಿಗೆ ಹತ್ತು ಲಕ್ಷ ಡಾಲರ್‌ಗೆ ಮಾರಿದರು. ಆಗ ಕೈ ಬದಲಾಗಿದ್ದು ಪೈಲ್ವಾನರಲ್ಲ, ಅಖಾಡವಲ್ಲ. ಶನಿವಾರ ಸಂಜೆಯ ಸ್ಲಾಟ್.

ಕ್ರಾಕೆಟ್ ಕಂಪನಿಯನ್ನು 1988ರಲ್ಲಿ ಟಿಬಿಎಸ್ ಮಾಲೀಕ ಟೆಡ್ ಟರ್ನರ್ ಅವರೇ ಕೊಂಡರು. ಅದು ಡಬ್ಲ್ಯೂಸಿಡಬ್ಲ್ಯೂ ಆಯಿತು. 1995ರ ಸೆಪ್ಟೆಂಬರ್‌ನಿಂದ ಸೋಮವಾರ ರಾತ್ರಿ ಟರ್ನರ್ ಅವರದೇ ಟಿಎನ್‌ಟಿ ಚಾನೆಲ್‌ನಲ್ಲಿ ಡಬ್ಲ್ಯೂಸಿಡಬ್ಲ್ಯೂನ ನೈಟ್ರೋ ಶೋ, ಎದುರಿಗೆ ಯುಎಸ್‌ಎ ನೆಟ್‌ವರ್ಕ್‌ನಲ್ಲಿ ಮೆಕ್‌ಮಹನ್ ಅವರ ರಾ ಶೋ. ಸುಮಾರು ಒಂದೂವರೆ ವರ್ಷ ನೈಟ್ರೋ ಮುಂದಿತ್ತು. ಆಮೇಲೆ ಕುಸಿಯಿತು. ನಷ್ಟ ಬೆಳೆಯಿತು. 2001ರ ಆರಂಭದಲ್ಲಿ, ಹಿಂದೆ ನೈಟ್ರೋ ನಡೆಸಿದ್ದ ಎರಿಕ್ ಬಿಷಫ್ ಹೂಡಿಕೆದಾರರನ್ನು ಕೂಡಿಸಿಕೊಂಡು ಡಬ್ಲ್ಯೂಸಿಡಬ್ಲ್ಯೂವನ್ನು ಕೊಳ್ಳಲು ಬಂದರು. ಮಾತು ಹೆಚ್ಚುಕಮ್ಮಿ ಮುಗಿದಿತ್ತು. ಅಷ್ಟರಲ್ಲಿ ಟರ್ನರ್ ಚಾನೆಲ್‌ಗಳ ಹೊಸ ಮುಖ್ಯಸ್ಥ ಜೇಮಿ ಕೆಲ್ನರ್ ತಮ್ಮ ಚಾನೆಲ್‌ಗಳಲ್ಲಿ ಇನ್ನು ಕುಸ್ತಿ ಬೇಡ ಅಂದುಬಿಟ್ಟರು. ಸ್ಲಾಟ್ ಹೋಯಿತು. ಸ್ಲಾಟ್ ಇಲ್ಲದ ಕಂಪನಿಯನ್ನು ಕೊಂಡು ಬಿಷಫ್ ಏನು ಮಾಡಬೇಕು? ಹಿಂದೆ ಸರಿದರು. ಉಳಿದದ್ದನ್ನು, ಅಂದರೆ ಹೆಸರು, ಹಳೆಯ ಟೇಪುಗಳು ಮತ್ತು ಕೆಲವರ ಗುತ್ತಿಗೆಯನ್ನು, ಅರ್ಧ ಕೋಟಿ ಡಾಲರ್‌ಗೂ ಕಡಿಮೆ ಬೆಲೆಗೆ ಮೆಕ್‌ಮಹನ್ ಕೊಂಡರು.

2001ರ ಮಾರ್ಚ್ 26ರ ಸೋಮವಾರ ರಾತ್ರಿ ಏನಾಯಿತು ಗೊತ್ತಾ? ಫ್ಲಾರಿಡಾದ ಪನಾಮ ಸಿಟಿ ಬೀಚ್‌ನಲ್ಲಿ ಕೊನೆಯ ನೈಟ್ರೋ. ಸ್ಟಿಂಗ್ ಮತ್ತು ರಿಕ್ ಫ್ಲೇರ್ ಕೊನೆಯ ಪಂದ್ಯ ಆಡಿ ತಬ್ಬಿಕೊಂಡರು. ಅದೇ ಹೊತ್ತಿಗೆ ಕ್ಲೀವ್‌ಲ್ಯಾಂಡ್‌ನಲ್ಲಿ ರಾ ನಡೆಯುತ್ತಿತ್ತು. ಕೊನೆಗೆ ಎದುರಾಳಿಯ ಚಾನೆಲ್‌ನಲ್ಲೂ ತನ್ನ ಚಾನೆಲ್‌ನಲ್ಲೂ ಒಟ್ಟಿಗೆ ಕಾಣಿಸಿಕೊಂಡು ಮಾತಾಡಿದ್ದು ಮೆಕ್‌ಮಹನ್. ಐದೂವರೆ ವರ್ಷದ ಕಾದಾಟ ಅಲ್ಲಿಗೆ ಮುಗಿಯಿತು. ಅದನ್ನು ಮುಗಿಸಿದ್ದು ರಿಂಗ್‌ನೊಳಗಿನ ಯಾರೂ ಅಲ್ಲ, ಒಬ್ಬ ಚಾನೆಲ್ ಅಧಿಕಾರಿಯ ಒಂದು ನಿರ್ಧಾರ.

ಯುಎಫ್‌ಸಿಯ ಕಥೆಯೂ ಇದೇ ಜಾಡಿನದು. ಶುರುವಾಗಿದ್ದು 1993ರ ನವೆಂಬರ್ 12ರಂದು, ಡೆನ್ವರ್‌ನಲ್ಲಿ. ಬಂಡವಾಳ ಬಂದಿದ್ದು ಪೇ-ಪರ್-ವ್ಯೂನಿಂದ. ನಮ್ಮಲ್ಲಿ ಈ ಪದ್ಧತಿ ಬೇರೂರಲಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಮನೆಗೆ ಕೇಬಲ್ ಇರುತ್ತದೆ, ತಿಂಗಳ ಬಿಲ್ಲೂ ಕಟ್ಟಿರುತ್ತೀರಿ. ಆದರೂ ಆ ಒಂದು ರಾತ್ರಿಯ ಫೈಟ್ ನೋಡಬೇಕು ಅಂದರೆ ಬೇರೆಯಾಗಿ ದುಡ್ಡು ಕೊಡಬೇಕು. ಸಿನಿಮಾ ಟಿಕೆಟ್ ತೆಗೆಸಿದ ಹಾಗೆ, ಆದರೆ ಮನೆಯ ಸೋಫಾ ಮೇಲೆ. ಬಾಕ್ಸಿಂಗ್‌ನವರು ಇದರಿಂದಲೇ ಕೋಟಿಗಟ್ಟಲೆ ಮಾಡಿದ್ದರು.

ಆಗ ಯುಎಫ್‌ಸಿಗೆ ನಿಯಮಗಳು ಬಹಳ ಕಡಿಮೆ. ಸೆನೆಟರ್ ಜಾನ್ ಮೆಕೇನ್ ಇದನ್ನು ಮನುಷ್ಯರ ಕೋಳಿ ಅಂಕ ಅಂತ ಕರೆದು ರಾಜ್ಯಗಳ ಮೇಲೆ ಒತ್ತಡ ತಂದರು. ಒಂದಾದ ಮೇಲೊಂದು ಕೇಬಲ್ ಕಂಪನಿಗಳು ಯುಎಫ್‌ಸಿಯನ್ನು ಕೈಬಿಟ್ಟವು. ಆಟ ಅದೇ, ಆಡುವವರು ಅವರೇ, ನೋಡುವ ಆಸೆ ಇದ್ದವರೂ ಇದ್ದರು. ಪರದೆ ಮಾತ್ರ ಇರಲಿಲ್ಲ. 2001ರ ಜನವರಿಯಲ್ಲಿ ಕ್ಯಾಸಿನೊ ಮಾಲೀಕರಾದ ಫರ್ಟಿಟಾ ಸಹೋದರರು ಇಡೀ ಯುಎಫ್‌ಸಿಯನ್ನು 20 ಲಕ್ಷ ಡಾಲರ್‌ಗೆ ಕೊಂಡರು. ನಡೆಸಲು ಕೂತಿದ್ದು ಅವರ ಗೆಳೆಯ ಡೇನಾ ವೈಟ್. ಮುಂದಿನ ನಾಲ್ಕು ವರ್ಷದಲ್ಲಿ ಅವರು ಕಳೆದುಕೊಂಡಿದ್ದು ಮೂರು ಕೋಟಿ ಡಾಲರ್‌ಗೂ ಹೆಚ್ಚು.

ಕೊನೆಯ ಪ್ರಯತ್ನ ಅಂತ ಒಂದು ರಿಯಾಲಿಟಿ ಶೋ ಮಾಡಿದರು, ದಿ ಅಲ್ಟಿಮೇಟ್ ಫೈಟರ್. ಸ್ಪೈಕ್ ಟಿವಿಯವರು ಸ್ಲಾಟ್ ಕೊಟ್ಟರು, ಶೋ ಮಾಡುವ ಖರ್ಚು ಕೊಡಲಿಲ್ಲ. ಆ ಸುಮಾರು ಒಂದು ಕೋಟಿ ಡಾಲರನ್ನು ಫರ್ಟಿಟಾಗಳೇ ಹಾಕಿದರು. ಅಂದರೆ ಇವತ್ತು ವರ್ಷಕ್ಕೆ 110 ಕೋಟಿ ಡಾಲರ್ ಎಣಿಸಿಕೊಳ್ಳುವ ಕಂಪನಿ ಅವತ್ತು ಟಿವಿಯಲ್ಲಿ ಬರಲು ತಾನೇ ದುಡ್ಡು ಸುರಿದಿತ್ತು. ಸ್ಪೈಕ್ ಕೊಟ್ಟ ಸ್ಲಾಟ್ ಯಾವುದು ಗೊತ್ತಾ? ಸೋಮವಾರ ರಾತ್ರಿ, ಡಬ್ಲ್ಯೂಡಬ್ಲ್ಯೂಇ ರಾ ಮುಗಿದ ತಕ್ಷಣ. ಆಗ ರಾ ಅದೇ ಚಾನೆಲ್‌ನಲ್ಲಿ ಬರುತ್ತಿತ್ತು. ಕುಸ್ತಿ ನೋಡಲು ಕೂತಿದ್ದ ಜನ ಎದ್ದು ಹೋಗಲಿಲ್ಲ. ಎಂಎಂಎ ಅಮೆರಿಕದ ಮನೆಯೊಳಗೆ ಬಂದಿದ್ದು ಹೀಗೆ, ರೆಸ್ಲಿಂಗ್‌ನ ಕೈ ಹಿಡಿದುಕೊಂಡು.

2005ರ ಏಪ್ರಿಲ್ 9. ಆ ಶೋದ ಫೈನಲ್‌ನಲ್ಲಿ ಫಾರೆಸ್ಟ್ ಗ್ರಿಫಿನ್, ಸ್ಟೀಫನ್ ಬೊನ್ನರ್ ಮೂರು ಸುತ್ತು ಕೈ ಇಳಿಸದೆ ಬಡಿದಾಡಿದರು. ಮುಖ ತುಂಬ ರಕ್ತ. ಇಬ್ಬರಿಗೂ ನಿಲ್ಲುವ ಶಕ್ತಿ ಇರಲಿಲ್ಲ, ಆದರೂ ನಿಲ್ಲಿಸಲಿಲ್ಲ. ಗೆದ್ದದ್ದು ಗ್ರಿಫಿನ್. ಆದರೆ ಕಂಪನಿ ಇಬ್ಬರಿಗೂ ಕಾಂಟ್ರಾಕ್ಟ್ ಕೊಟ್ಟಿತು. ಅವತ್ತೇ ರಾತ್ರಿ ಹಾಲ್‌ನ ಹಿಂದಿನ ಗಲ್ಲಿಯಲ್ಲಿ ನಿಂತು ಸ್ಪೈಕ್‌ನವರ ಜೊತೆ ಮುಂದಿನ ಸೀಸನ್ ಮಾತಾಡಿ ಮುಗಿಸಿದೆವು ಅಂತ ಡೇನಾ ವೈಟ್ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಆ ಫೈಟ್ ನಾನು ಇವತ್ತಿಗೂ ಆಗಾಗ ಹಾಕಿಕೊಂಡು ನೋಡುತ್ತೇನೆ. ಇಬ್ಬರಿಗೂ ತಾವು ಎಷ್ಟು ದೊಡ್ಡ ಭಾರ ಹೊತ್ತಿದ್ದೇವೆ ಅಂತ ಗೊತ್ತಿರಲಿಲ್ಲ ಅನ್ನುವುದು ಮನಸ್ಸನ್ನು ಕಲಕುತ್ತದೆ.

ನಿಜವಾದ ಫೈಟ್‌ಗೆ ಟಿವಿಯಲ್ಲಿ ಒಂದು ಕಷ್ಟ ಇದೆ. ಅದು ಯಾವಾಗ ಮುಗಿಯುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. 2008ರಲ್ಲಿ ಎಲೀಟ್‌ಎಕ್ಸ್‌ಸಿ ಅನ್ನುವ ಕಂಪನಿ ಸಿಬಿಎಸ್‌ನಂಥ ದೊಡ್ಡ ಚಾನೆಲ್‌ಗೆ ಎಂಎಂಎ ತಂದಿತ್ತು. ಪೂರ್ತಿ ನಂಬಿದ್ದು ಕಿಂಬೊ ಸ್ಲೈಸ್ ಎಂಬ ಒಬ್ಬನನ್ನೇ. ಅಕ್ಟೋಬರ್ 4ರಂದು ಅವನ ಎದುರಾಳಿಗೆ ಪಂದ್ಯದ ದಿನವೇ ಗಾಯವಾಗಿ, ಕೊನೆ ಗಳಿಗೆಯಲ್ಲಿ ಸೆತ್ ಪೆಟ್ರುಜೆಲಿಯನ್ನು ಇಳಿಸಿದರು. 14 ಸೆಕೆಂಡಿನಲ್ಲಿ ಕಿಂಬೊ ನೆಲಕ್ಕೆ ಬಿದ್ದ. ಅದೇ ತಿಂಗಳು ಕಂಪನಿ ಬಾಗಿಲು ಹಾಕಿತು.

ಯುಎಫ್‌ಸಿಗೂ ಇಂಥದ್ದೇ ಒಂದು ರಾತ್ರಿ ಬಂದಿತ್ತು. 2011ರಲ್ಲಿ ಫಾಕ್ಸ್ ಜೊತೆ ಏಳು ವರ್ಷದ ಒಪ್ಪಂದ ಆಯಿತು, ವರ್ಷಕ್ಕೆ ಸುಮಾರು ಹತ್ತು ಕೋಟಿ ಡಾಲರ್. ನವೆಂಬರ್ 12ರಂದು ಮೊದಲ ಶೋ. ಒಂದು ಗಂಟೆಯ ಕಾರ್ಯಕ್ರಮ, ಅದರಲ್ಲಿ ತೋರಿಸಿದ್ದು ಒಂದೇ ಫೈಟ್. ಹೆವಿವೇಟ್ ಚಾಂಪಿಯನ್ ಕೇನ್ ವೆಲಾಸ್ಕೆಜ್, ಎದುರಿಗೆ ಜೂನಿಯರ್ ಡೋಸ್ ಸ್ಯಾಂಟೋಸ್. ಸುಮಾರು 57 ಲಕ್ಷ ಜನ ನೋಡುತ್ತಿದ್ದರು. 64 ಸೆಕೆಂಡಿನಲ್ಲಿ ಮುಗಿದೇ ಹೋಯಿತು. ಅದೇ ರಾತ್ರಿ ಅದೇ ಹಾಲ್‌ನಲ್ಲಿ ಬೆನ್ಸನ್ ಹೆಂಡರ್ಸನ್ ಮತ್ತು ಕ್ಲೇ ಗೀಡಾ ಮೂರು ಸುತ್ತು ಅದ್ಭುತವಾಗಿ ಕಾದಿದ್ದರು. ಅದು ಫಾಕ್ಸ್‌ನಲ್ಲಿ ಬರಲಿಲ್ಲ. ಎಂಥ ನಷ್ಟ! ಆದರೂ ಯುಎಫ್‌ಸಿ ಉಳಿಯಿತು. ಎಲೀಟ್‌ಎಕ್ಸ್‌ಸಿ ಕೈಯಲ್ಲಿ ಒಬ್ಬ ಕಿಂಬೊ ಇದ್ದ, ಯುಎಫ್‌ಸಿ ಕೈಯಲ್ಲಿ ನೂರಾರು ಫೈಟರ್‌ಗಳಿದ್ದರು. ಇಬ್ಬರು ಬಿದ್ದರೆ ಮುಂದಿನ ಶನಿವಾರಕ್ಕೆ ಇನ್ನಿಬ್ಬರು ತಯಾರು.

ರೆಸ್ಲಿಂಗ್‌ಗೆ ಈ ತಾಪತ್ರಯ ಇಲ್ಲ. ಜಾಹೀರಾತು ಯಾವಾಗ, ಪಂದ್ಯ ಎಷ್ಟು ನಿಮಿಷ, ಕೊನೆಯ ಏಟು ಎಷ್ಟು ಗಂಟೆಗೆ, ಎಲ್ಲ ಕೈಯಲ್ಲಿರುತ್ತದೆ. ಅದಕ್ಕೇ ಚಾನೆಲ್‌ನವರು ಇದನ್ನು ಹಿಟ್ಟಿನ ಹಾಗೆ ನಾದಿದರು. 2012ರ ಜುಲೈನಲ್ಲಿ ಎರಡು ಗಂಟೆಯ ರಾ ಮೂರು ಗಂಟೆಯಾಯಿತು. ಮೂರನೇ ಗಂಟೆ ಬಂದಿದ್ದು ಕಥೆಗೆ ಜಾಗ ಸಾಲದೆ ಅಲ್ಲ, ಮೂರು ಗಂಟೆಯ ಜಾಹೀರಾತು ಎರಡು ಗಂಟೆಗಿಂತ ಜಾಸ್ತಿ ದುಡ್ಡು ತರುತ್ತದೆ ಅಂತ. ನೋಡುತ್ತಿದ್ದ ನಮಗೆ ಗೊತ್ತು, ಆ ಮೂರನೇ ಗಂಟೆ ಎಷ್ಟೋ ವಾರ ಸುಮ್ನೆ ಎಳೆದ ಹಾಗಿರುತ್ತಿತ್ತು.

ಹಾಗಾದರೆ ಬೆಲೆ ಯಾಕೆ ಇಷ್ಟು ಏರಿತು? ಅಮೆರಿಕದಲ್ಲಿ ಕೇಬಲ್ ಬಿಲ್ಲಿನ ಒಂದು ಪಾಲು ಪ್ರತಿ ಚಾನೆಲ್‌ಗೂ ಹೋಗುತ್ತದೆ, ನೀವು ಆ ಚಾನೆಲ್ ನೋಡಿದರೂ ನೋಡದಿದ್ದರೂ. 2011ರ ಸುಮಾರಿಗೆ ಇಎಸ್‌ಪಿಎನ್ ಹತ್ತು ಕೋಟಿ ಮನೆಗಳಲ್ಲಿತ್ತು. ಆಮೇಲೆ ಜನ ಕೇಬಲ್ ಕಿತ್ತುಹಾಕಲು ಶುರು ಮಾಡಿದರು. ಮನೆ ಕಮ್ಮಿಯಾದಷ್ಟೂ ಚಾನೆಲ್‌ನ ಆದಾಯ ಕಮ್ಮಿ. ಹಾಗಿದ್ದರೆ ಹಕ್ಕಿನ ಬೆಲೆಯೂ ಇಳಿಯಬೇಕಿತ್ತು, ಅಲ್ವಾ? ಆಗಿದ್ದು ತದ್ವಿರುದ್ಧ. ಕೇಬಲ್ ಬಿಡಬೇಡಿ ಅಂತ ಜನರನ್ನು ಹಿಡಿದಿಡಲು ಉಳಿದ ಒಂದೇ ಕಾರಣ ಲೈವ್ ಆಟ. ಅದಕ್ಕೆ ಕೇಬಲ್‌ನವರೂ ಬಿದ್ದರು. ಹೊಸದಾಗಿ ಬಂದ ಆ್ಯಪ್‌ಗಳವರ ಚಿಂತೆ ಬೇರೆ. ಒಂದು ವೆಬ್ ಸೀರೀಸ್ ನೋಡಿ ಮುಗಿಸಿದ ಗಿರಾಕಿ ಮುಂದಿನ ತಿಂಗಳು ಪ್ಲಾನ್ ನಿಲ್ಲಿಸುತ್ತಾನೆ. ಅವನನ್ನು ವರ್ಷಪೂರ್ತಿ ಕೂರಿಸುವುದು ಹೇಗೆ?

ಇಲ್ಲಿ ಈ ಎರಡು ಕಂಪನಿಗಳಿಗೆ ಇರುವ ಅನುಕೂಲ ಬೇರೆ ಯಾರಿಗೂ ಇಲ್ಲ. ಐಪಿಎಲ್ ಎರಡು ತಿಂಗಳು. ಅಮೆರಿಕನ್ ಫುಟ್‌ಬಾಲ್ ಐದು ತಿಂಗಳು. ರಾ ವರ್ಷಕ್ಕೆ 52 ವಾರವೂ ಇದೆ, ಹಬ್ಬ ಹರಿದಿನ ಅಂತ ರಜೆ ಇಲ್ಲ. ಪ್ಯಾರಾಮೌಂಟ್‌ಗೆ ಯುಎಫ್‌ಸಿ ವರ್ಷಕ್ಕೆ 13 ದೊಡ್ಡ ಶೋ, 30 ಸಣ್ಣ ಶೋ ಕೊಡುತ್ತದೆ. ಒಟ್ಟು 43 ವಾರಾಂತ್ಯ. ಒಬ್ಬ ಅಭಿಮಾನಿಗೆ ಆ್ಯಪ್ ತೆಗೆದುಹಾಕಲು ಸಂದೇ ಸಿಗುವುದಿಲ್ಲ.

ಇದೇ ಲೆಕ್ಕದಲ್ಲಿ ನೆಟ್‌ಫ್ಲಿಕ್ಸ್ 2024ರ ಜನವರಿಯಲ್ಲಿ ಹತ್ತು ವರ್ಷಕ್ಕೆ 500 ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟು ರಾ ಕೊಂಡಿತು. 1993ರಿಂದ ಕೇಬಲ್‌ನಲ್ಲೇ ಬಂದಿದ್ದ ಶೋ 2025ರ ಜನವರಿ 6ರಂದು ಆ್ಯಪ್‌ಗೆ ಹಾರಿತು. ಅಮೆರಿಕದ ಹೊರಗೆ ಹಲವು ದೇಶಗಳಲ್ಲಿ ರಾ ಜೊತೆಗೆ ಕಂಪನಿಯ ಇನ್ನೆರಡು ವಾರದ ಶೋಗಳಾದ ಸ್ಮ್ಯಾಕ್‌ಡೌನ್, ಎನ್‌ಎಕ್ಸ್‌ಟಿ, ಮತ್ತೆ ದೊಡ್ಡ ಶೋಗಳು ಎಲ್ಲವೂ ಅದೇ ಒಪ್ಪಂದದಲ್ಲಿ ಸೇರಿವೆ. ಎಇಡಬ್ಲ್ಯೂನಂಥ 2019ರಲ್ಲಿ ಹುಟ್ಟಿದ ಕುಸ್ತಿ ಕಂಪನಿಗೂ ವಾರ್ನರ್ ಬ್ರದರ್ಸ್ ಡಿಸ್ಕವರಿ ವರ್ಷಕ್ಕೆ ಸುಮಾರು 18.5 ಕೋಟಿ ಡಾಲರ್ ಕೊಡುತ್ತಿದೆ ಅಂತ ವರದಿಯಾಗಿದೆ. ಎಇಡಬ್ಲ್ಯೂ ಬರುವುದು ಆ ಕಂಪನಿಯ ಟಿಎನ್‌ಟಿ, ಟಿಬಿಎಸ್‌ನಲ್ಲಿ. ಡಬ್ಲ್ಯೂಸಿಡಬ್ಲ್ಯೂವನ್ನು ಹೊರಗೆ ಹಾಕಿದ್ದವಲ್ಲ, ಅವೇ ಚಾನೆಲ್‌ಗಳು.

ಪ್ಯಾರಾಮೌಂಟ್ ಕಥೆ ಇನ್ನೂ ಸ್ವಾರಸ್ಯದ್ದು. ಯುಎಫ್‌ಸಿಯನ್ನು ಬೆಳೆಸಿದ ಸ್ಪೈಕ್ ಟಿವಿ ಅದೇ ಮನೆಯದು. 2011ರಲ್ಲಿ ಯುಎಫ್‌ಸಿ ಫಾಕ್ಸ್‌ಗೆ ಹೋದಾಗ ಸ್ಪೈಕ್ ಮಾಲೀಕ ವಯಾಕಾಮ್ (ಇಂದಿನ ಪ್ಯಾರಾಮೌಂಟ್), ಹೋದರೆ ಹೋಗಲಿ ಅಂತ ಬೆಲೇಟರ್ ಎಂಬ ಇನ್ನೊಂದು ಎಂಎಂಎ ಕಂಪನಿಯನ್ನೇ ಕೊಂಡಿತು. ಹನ್ನೆರಡು ವರ್ಷ ಸಾಕಿದರು. ಅದು ಯುಎಫ್‌ಸಿಯ ಹತ್ತಿರಕ್ಕೂ ಬರಲಿಲ್ಲ. 2023ರಲ್ಲಿ ಅದನ್ನು ಪಿಎಫ್‌ಎಲ್ ಎಂಬ ಮತ್ತೊಂದು ಎಂಎಂಎ ಕಂಪನಿಗೆ ಮಾರಿ ಕೈತೊಳೆದುಕೊಂಡರು. ಎರಡೇ ವರ್ಷಕ್ಕೆ, ಸ್ಕೈಡ್ಯಾನ್ಸ್ ಎಂಬ ಸಿನಿಮಾ ಕಂಪನಿ ಜೊತೆ ಪ್ಯಾರಾಮೌಂಟ್ ವಿಲೀನ ಮುಗಿದು ಒಂದು ವಾರವೂ ಆಗಿರಲಿಲ್ಲ, ಹೊಸ ಮಾಲೀಕರು 770 ಕೋಟಿ ಡಾಲರ್ ಕೊಟ್ಟು ಯುಎಫ್‌ಸಿಯನ್ನು ವಾಪಸ್ ಮನೆಗೆ ಕರೆತಂದರು. ಹದಿನಾಲ್ಕು ವರ್ಷದ ಹಿಂದೆ ಉಳಿಸಿಕೊಳ್ಳಲು ಇದರ ಸಣ್ಣ ಚೂರು ಸಾಕಿತ್ತು.

ನೋಡುವವರಿಗೆ ಇದರಿಂದ ಏನಾಯಿತು? ಅಮೆರಿಕದ ಯುಎಫ್‌ಸಿ ಅಭಿಮಾನಿಗೆ ನಿಜಕ್ಕೂ ಲಾಭ. ಇದಕ್ಕೂ ಮುಂಚೆ ಯುಎಫ್‌ಸಿ ಇಎಸ್‌ಪಿಎನ್‌ನಲ್ಲಿದ್ದ ಕಾಲದಲ್ಲಿ ಆ್ಯಪ್‌ಗೆ ತಿಂಗಳ ದುಡ್ಡು ಕೊಟ್ಟ ಮೇಲೆ ಒಂದೊಂದು ದೊಡ್ಡ ಶೋಗೆ ಮತ್ತೆ 79.99 ಡಾಲರ್ ಕೊಡಬೇಕಿತ್ತು. ವರ್ಷಕ್ಕೆ ಹದಿಮೂರು ನೋಡಿದರೆ ಸಾವಿರ ಡಾಲರ್ ದಾಟುತ್ತಿತ್ತು. 2026ರಿಂದ ಪೇ-ಪರ್-ವ್ಯೂ ಇಲ್ಲ. ಪ್ಯಾರಾಮೌಂಟ್ ಪ್ಲಸ್ ಆ್ಯಪ್ ಇದ್ದರೆ ಎಲ್ಲವೂ ಬರುತ್ತದೆ. ಮೂವತ್ತೆರಡು ವರ್ಷ ಈ ಕಂಪನಿಯನ್ನು ಸಾಕಿದ ಪದ್ಧತಿ ಒಂದು ಸಹಿಗೆ ಹೋಯಿತು.

ಡಬ್ಲ್ಯೂಡಬ್ಲ್ಯೂಇ ಅಭಿಮಾನಿಯ ಪಾಡು ಬೇರೆ. 2014ರಲ್ಲಿ ಕಂಪನಿ ತನ್ನದೇ ನೆಟ್‌ವರ್ಕ್ ತೆರೆದು ತಿಂಗಳಿಗೆ 9.99 ಡಾಲರ್‌ಗೆ ದೊಡ್ಡ ಶೋಗಳನ್ನೆಲ್ಲ ಕೊಟ್ಟಿತ್ತು. 2021ರಲ್ಲಿ ಅದನ್ನು ಪೀಕಾಕ್ ಎಂಬ ಆ್ಯಪ್‌ಗೆ ಒಪ್ಪಿಸಿತು. ಈಗ ಅಮೆರಿಕದಲ್ಲಿ ರಾ ನೆಟ್‌ಫ್ಲಿಕ್ಸ್‌ನಲ್ಲಿ, ಸ್ಮ್ಯಾಕ್‌ಡೌನ್ ಯುಎಸ್‌ಎ ನೆಟ್‌ವರ್ಕ್‌ನಲ್ಲಿ, ಎನ್‌ಎಕ್ಸ್‌ಟಿ ಸಿಡಬ್ಲ್ಯೂ ಚಾನೆಲ್‌ನಲ್ಲಿ, ರೆಸಲ್‌ಮೇನಿಯಾ ಇಎಸ್‌ಪಿಎನ್‌ನಲ್ಲಿ. ಕೇಬಲ್ ಇಲ್ಲದವರಿಗೆ ಇಎಸ್‌ಪಿಎನ್‌ನ ಪೂರ್ತಿ ಪ್ಲಾನ್ ಒಂದಕ್ಕೇ ತಿಂಗಳಿಗೆ 29.99 ಡಾಲರ್. ಒಂದೇ ಕಥೆಯನ್ನು ನಾಲ್ಕು ಅಂಗಡಿಯಲ್ಲಿ ಹರಿದು ಮಾರಿದ್ದಾರೆ. ಸೋಮವಾರ ನೆಟ್‌ಫ್ಲಿಕ್ಸ್‌ನಲ್ಲಿ ಶುರುವಾದ ಜಗಳದ ತೀರ್ಪು ನೋಡಲು ಇಎಸ್‌ಪಿಎನ್‌ಗೆ ಹೋಗಬೇಕು.

ನಮ್ಮಲ್ಲಿ ಇದು ಉಲ್ಟಾ. ಇಲ್ಲಿ ಎಲ್ಲ ಒಂದೇ ಕಡೆ. ಆದರೆ ಇಲ್ಲೂ ಒಂದು ಬದಲಾವಣೆ ಆಗಿದೆ, ಅದು ನನಗೆ ಹತ್ತಿರದ್ದು. ನಾನು ತಿಪಟೂರಿನಲ್ಲಿ ಬೆಳೆದವನು. ನಮ್ಮ ಬೀದಿಯ ಹುಡುಗರ ಜೇಬಿನಲ್ಲಿ ಡಬ್ಲ್ಯೂಡಬ್ಲ್ಯೂಎಫ್ (ಡಬ್ಲ್ಯೂಡಬ್ಲ್ಯೂಇಯ ಹಳೆಯ ಹೆಸರು) ಕಾರ್ಡ್ ಇರುತ್ತಿದ್ದವು. ಹೈಟು, ವೇಟು, ಚೆಸ್ಟು, ಬೈಸೆಪ್ಸ್, ರ‍್ಯಾಂಕು. ಕಾರ್ಡಿನ ಮುಖಗಳು ಬಾಯಿಪಾಠ ಆಗಿದ್ದರೂ ಎಷ್ಟೋ ಜನರ ಆಟ ನಾವು ನೋಡಿರಲಿಲ್ಲ. 2002ರಲ್ಲಿ ಟೆನ್ ಸ್ಪೋರ್ಟ್ಸ್ ಬಂದ ಮೇಲೆ ಕಾರ್ಡಿನವರು ಎದ್ದು ಓಡಾಡಲು ಶುರು ಮಾಡಿದರು. ತಿಂಗಳಿಗೆ ನೂರು ರೂಪಾಯಿ ಕೇಬಲ್ ಬಿಲ್ಲು, ಅದರೊಳಗೇ ಇದೂ. ನಮ್ಮ ಮನೆಯಲ್ಲಿ ನನಗಿಂತ ದೊಡ್ಡ ಅಭಿಮಾನಿ ಅಜ್ಜ. ಇಂಗ್ಲಿಷ್ ಒಂದಕ್ಷರ ಬಾರದು. ಅಂಡರ್‌ಟೇಕರ್ ಬಂದಾಗ ಗಂಟೆ ಬಡಿಯುತ್ತಿತ್ತಲ್ಲ, ಆ ಸದ್ದಿಗೆ ಅಡಿಕೆ ಕತ್ತರಿಸುವುದು ನಿಲ್ಲಿಸಿ ಕೂರುತ್ತಿದ್ದರು. ‘ಏ, ಸೌಂಡ್ ಕೊಡೋ’ ಅನ್ನುತ್ತಿದ್ದರು. 2007ರಲ್ಲಿ ನಮ್ಮ ಗ್ರೇಟ್ ಖಲಿ ವರ್ಲ್ಡ್ ಹೆವಿವೇಟ್ ಚಾಂಪಿಯನ್ ಆದಾಗ ಪಕ್ಕದ ಮನೆಯವರನ್ನೂ ಕರೆದು ತೋರಿಸಿದ್ದರು.

ಟೆನ್ ಸ್ಪೋರ್ಟ್ಸ್ ಮುಂದೆ ಝೀ ಕೈಗೆ, ಆಮೇಲೆ ಸೋನಿ ಕೈಗೆ ಹೋಯಿತು. ನೋಡುವವರಿಗೆ ವ್ಯತ್ಯಾಸ ಆಗಲಿಲ್ಲ, ಚಾನೆಲ್ ನಂಬರ್ ಬದಲಾಯಿತು ಅಷ್ಟೆ. ಹಿಂದಿ ಕಾಮೆಂಟರಿಯೂ ಸೇರಿಕೊಂಡಿತು. 2025ರ ಏಪ್ರಿಲ್ 1ರಿಂದ ಡಬ್ಲ್ಯೂಡಬ್ಲ್ಯೂಇ ಭಾರತದಲ್ಲೂ ನೆಟ್‌ಫ್ಲಿಕ್ಸ್‌ಗೆ ಹೋಯಿತು. 149 ರೂಪಾಯಿಯ ಪ್ಲಾನ್ ಇದೆ, ಆದರೆ ಅದು ಮೊಬೈಲ್‌ಗೆ ಮಾತ್ರ. ಹಾಲ್‌ನ ಟಿವಿಯಲ್ಲಿ ನೋಡಬೇಕು ಅಂದರೆ 199ರಿಂದ ಶುರು. ಜೊತೆಗೆ ನೆಟ್ ಬೇಕು, ಸ್ಮಾರ್ಟ್ ಟಿವಿ ಬೇಕು. ಬೆಂಗಳೂರಲ್ಲಿ ಕೆಲಸ ಮಾಡುವ ಹುಡುಗನಿಗೆ ಇದು ಲೆಕ್ಕವೇ ಅಲ್ಲ, ಮಂಗಳವಾರ ಬೆಳಗ್ಗೆ ಬಸ್ಸಿನಲ್ಲೇ ರಾ ನೋಡುತ್ತಾನೆ. ಆದರೆ ರಿಮೋಟ್ ಒತ್ತುತ್ತಾ ಅಕಸ್ಮಾತ್ ಕುಸ್ತಿಗೆ ಬಂದು ನಿಲ್ಲುವ ನೋಡುಗ ಇನ್ನು ಇಲ್ಲ. ನನ್ನ ಅಜ್ಜನಂಥವರು ಅಭಿಮಾನಿಗಳಾಗಿದ್ದೇ ಹಾಗೆ. ಆ್ಯಪ್ ತೆರೆದು, ಹೆಸರು ಹುಡುಕಿ ನೋಡುವವರಲ್ಲ ಅವರು. ಇಂಥ ಲಕ್ಷಾಂತರ ಮನೆಗಳನ್ನು ಕಳೆದುಕೊಂಡಿದ್ದರ ಬೆಲೆ ಇವತ್ತಿನ ಲೆಕ್ಕದಲ್ಲಿ ಕಾಣುವುದಿಲ್ಲ. ಹತ್ತು ವರ್ಷ ಬಿಟ್ಟು ಕಾಣುತ್ತದೆ ಅಂತ ನನ್ನ ಅಂದಾಜು.

ಈಗ ನನ್ನನ್ನು ಬಹಳ ಕಾಡುವ ಮಾತಿಗೆ ಬರುತ್ತೇನೆ. ಈ ದುಡ್ಡಿನಲ್ಲಿ ಏಟು ತಿನ್ನುವವನ ಪಾಲು ಎಷ್ಟು?

ಮೈಸೂರು ದಸರಾ ಕುಸ್ತಿಗೆ ಮುಂಚೆ ಪೈಲ್ವಾನರ ಜೋಡಿ ಕಟ್ಟುತ್ತಾರಲ್ಲ, ಯಾರಿಗೆ ಯಾರು ಅಂತ ತೀರ್ಮಾನಿಸುವ ಆ ಕೆಲಸ ಯುಎಫ್‌ಸಿಯಲ್ಲಿ ಕಂಪನಿಯದು. ಬೆಲ್ಟ್ ಕಂಪನಿಯದು. ರ‍್ಯಾಂಕಿಂಗ್ ಪಟ್ಟಿ ಹೊರಡಿಸುವುದೂ ಕಂಪನಿ. ಟಿವಿ ಹಕ್ಕು ಮಾರುವುದೂ ಅದೇ ಕಂಪನಿ. ಐಪಿಎಲ್‌ನಲ್ಲಿ ಹತ್ತು ತಂಡಗಳಿವೆ, ಒಬ್ಬ ಒಳ್ಳೆ ಬೌಲರ್‌ಗಾಗಿ ನಾಲ್ಕು ಮಾಲೀಕರು ಹರಾಜಿನಲ್ಲಿ ಕೈ ಎತ್ತುತ್ತಾರೆ, ಬೆಲೆ ಏರುತ್ತದೆ. ಯುಎಫ್‌ಸಿಯಲ್ಲಿ ಕೈ ಎತ್ತುವವರು ಒಬ್ಬರೇ. ಟಿವಿಯವರಿಗೆ ಇದು ವರ. 43 ವಾರಾಂತ್ಯದ ಪೂರ್ತಿ ಗಂಟನ್ನು ಒಂದೇ ಕೈ ಕೊಡುತ್ತದೆ, ತಕರಾರಿಲ್ಲ. ಬೆಲೆ ಏರಿದ್ದರ ಒಂದು ದೊಡ್ಡ ಕಾರಣ ಇದೇ. ಫೈಟರ್‌ನ ಪಾಲು ಏರದೇ ಇರುವುದಕ್ಕೂ ಕಾರಣ ಇದೇ. ಇವು ಎರಡು ಬೇರೆ ಬೇರೆ ಸಂಗತಿ ಅಂತ ಬರೆಯುವವರನ್ನು ನಾನು ಒಪ್ಪುವುದಿಲ್ಲ.

2014ರ ಡಿಸೆಂಬರ್‌ನಲ್ಲಿ ಕೆಲವು ಫೈಟರ್‌ಗಳು ಯುಎಫ್‌ಸಿ ಮೇಲೆ ಏಕಸ್ವಾಮ್ಯದ ಕೇಸು ಹಾಕಿದರು. ವಿಚಾರಣೆಯಲ್ಲಿ ಕಂಪನಿಯ ಲೆಕ್ಕಪತ್ರ ಹೊರಬಂತು. ಒಟ್ಟು ಆದಾಯದಲ್ಲಿ ಫೈಟರ್‌ಗಳಿಗೆ ಹೋಗುತ್ತಿದ್ದುದು ನೂರಕ್ಕೆ ಇಪ್ಪತ್ತರ ಆಸುಪಾಸು. ಅದೇ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಆಟಗಾರರ ಪಾಲು ಹೆಚ್ಚುಕಮ್ಮಿ ಅರ್ಧ. ಅಲ್ಲಿ ಯೂನಿಯನ್ ಇದೆ, ಒಪ್ಪಂದದಲ್ಲಿ ಶೇಕಡಾವಾರು ಬರೆದಿದೆ. ಟಿವಿ ದುಡ್ಡು ಏರಿದರೆ ಸಂಬಳ ತಾನಾಗಿ ಏರುತ್ತದೆ. ಬಾಕ್ಸರ್‌ಗಳಿಗೆ 2000ದಲ್ಲಿ ಬಂದ ಅಲಿ ಕಾಯ್ದೆಯ ರಕ್ಷಣೆ ಇದೆ. ಪಂದ್ಯದಿಂದ ಎಷ್ಟು ದುಡ್ಡು ಬರುತ್ತಿದೆ ಅಂತ ಪ್ರೊಮೋಟರ್ ಬಾಕ್ಸರ್‌ಗೆ ತಿಳಿಸಬೇಕು. ಎಂಎಂಎಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಡಬ್ಲ್ಯೂಡಬ್ಲ್ಯೂಇ ಪೈಲ್ವಾನರಿಗಂತೂ ಯೂನಿಯನ್ ಇಲ್ಲ, ಅವರು ಕಾಗದದ ಮೇಲೆ ಕಂಪನಿಯ ನೌಕರರೂ ಅಲ್ಲ. ವಾರ ವಾರ ಕಂಪನಿ ಹೇಳಿದ ಊರಿಗೆ ಹೋಗಿ ಬೀಳುವ ಸ್ವತಂತ್ರ ಗುತ್ತಿಗೆದಾರರು.

ಪೇ-ಪರ್-ವ್ಯೂ ಹೋಗಿದ್ದು ನೋಡುವವರಿಗೆ ಒಳ್ಳೆಯದು ಅಂದೆ. ಅದೇ ಬದಲಾವಣೆಯನ್ನು ಚಾಂಪಿಯನ್ ಕಡೆಯಿಂದ ನೋಡಿ. ಇಷ್ಟು ದಿನ ದೊಡ್ಡ ಹೆಸರಿನವರ ಕಾಂಟ್ರಾಕ್ಟ್‌ನಲ್ಲಿ ಒಂದು ಸಾಲು ಇರುತ್ತಿತ್ತು. ಎಷ್ಟು ಮನೆಗಳು ಆ ಶೋ ಕೊಳ್ಳುತ್ತವೋ ಅದರ ಮೇಲೆ ಒಂದು ಪಾಲು. ಕಾನರ್ ಮೆಕ್‌ಗ್ರೆಗರ್‌ನಂಥವರು ಶ್ರೀಮಂತರಾಗಿದ್ದರಲ್ಲಿ ಆ ಸಾಲಿನ ಪಾತ್ರ ದೊಡ್ಡದು. ಇಡೀ ಕಾಂಟ್ರಾಕ್ಟ್‌ನಲ್ಲಿ ಟಿವಿ ದುಡ್ಡಿಗೂ ಫೈಟರ್‌ನ ಜೇಬಿಗೂ ನೇರ ಸಂಬಂಧ ಇದ್ದಿದ್ದು ಅದೊಂದೇ ಕಡೆ. ಈಗ ಅಮೆರಿಕದಲ್ಲಿ ಮನೆಗಳು ಕೊಳ್ಳುವ ಶೋವೇ ಇಲ್ಲ. ಪ್ಯಾರಾಮೌಂಟ್ ಕೊಡುವ ದುಡ್ಡು ನಿಗದಿ, ಯಾರು ಆಡಿದರೂ ಅಷ್ಟೇ. ಹಾಗಾದರೆ ಜನರನ್ನು ಎಳೆದು ತರುವ ಚಾಂಪಿಯನ್ ಏನನ್ನು ತೋರಿಸಿ ತನ್ನ ಬೆಲೆ ಕೇಳಬೇಕು? ಮಾಲೀಕರ ಮನಸ್ಸಿನ ಮೇಲೆ ಬಿಡಬೇಕಾಗುತ್ತದೆ.

ಆ ಹಳೆಯ ಕೇಸು ಹತ್ತು ವರ್ಷ ಎಳೆಯಿತು. ನಡುವೆ ಇನ್ನೊಂದು ಕೇಸೂ ಬಿತ್ತು. ಎರಡಕ್ಕೂ ಸೇರಿಸಿ 33.5 ಕೋಟಿ ಡಾಲರ್‌ಗೆ ರಾಜಿ ಆಗಿತ್ತು. 2024ರ ಜುಲೈನಲ್ಲಿ ನೆವಾಡಾದ ನ್ಯಾಯಾಧೀಶ ರಿಚರ್ಡ್ ಬುಲ್ವೇರ್ ಅದನ್ನು ತಳ್ಳಿಹಾಕಿದರು. ಆಮೇಲೆ ಮೊದಲ ಕೇಸೊಂದಕ್ಕೇ 37.5 ಕೋಟಿ ಡಾಲರ್ ಕೊಡಲು ಕಂಪನಿ ಒಪ್ಪಿತು. 2025ರ ಆರಂಭದಲ್ಲಿ ಅದಕ್ಕೆ ಅಂತಿಮ ಒಪ್ಪಿಗೆ ಸಿಕ್ಕಿತು. ಸುಮಾರು ಸಾವಿರ ಫೈಟರ್‌ಗಳಿಗೆ ಹಂಚುವ ದುಡ್ಡು ಅದು. 2010ರ ಕೊನೆಯಿಂದ 2017ರ ಮಧ್ಯದವರೆಗೆ ಆಡಿದವರಿಗೆ ಮಾತ್ರ. ಅಂದರೆ ಸ್ಪೈಕ್‌ನ ಕೊನೆ, ಫಾಕ್ಸ್‌ನ ಕಾಲ. ವರ್ಷಕ್ಕೆ ಹತ್ತು ಕೋಟಿ ಡಾಲರ್‌ನ ಕಾಲ.

ಎರಡನೇ ಕೇಸು 2017ರ ಜುಲೈ ನಂತರ ಆಡಿದವರದು. ಇಎಸ್‌ಪಿಎನ್ ವರ್ಷಕ್ಕೆ ಕೊಡುತ್ತಿದ್ದ ಸುಮಾರು 30 ಕೋಟಿ ಡಾಲರ್, ಅದರ ಮೇಲೆ ಪೇ-ಪರ್-ವ್ಯೂ ಹಕ್ಕಿನ ದುಡ್ಡು ಬಂದ ವರ್ಷಗಳ ಲೆಕ್ಕಪತ್ರ ಬಿಚ್ಚಬೇಕಾಗಿರುವುದು ಅದರಲ್ಲಿ. ಅದು ಇನ್ನೂ ನಡೆಯುತ್ತಿದೆ.